ಮೂರನೆಯ ಪುಟ ಕೊಡಲು ಬರುವುದಿಲ್ಲ

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ದೊಡ್ಡ ಮಷಿನ್ ಮೂರು ಸಲ ಜಾಮ್. ಅದರ ಹೊಟ್ಟೆ ಬಿಚ್ಚಿ ಸಿಕ್ಕಿಕೊಂಡ ಕಾಗದ ಎಳೆದು ಎಳೆದು ಕೈಯೆಲ್ಲ ಟೋನರ್ ಕಪ್ಪು. ಎದುರಿನ ಸರ್ಕಾರಿ ಕಟ್ಟಡದ ಬಾಗಿಲು ತೆರೆಯುವ ಮೊದಲೇ ಅಂಗಡಿ ಮುಂದೆ ಹನ್ನೊಂದು ಜನ. ಎಲ್ಲರಿಗೂ ಅರ್ಜೆಂಟ್. ಒಬ್ಬ ತಾತ ಗಾಜಿನ ಮೇಲೆ ಕಾಗದವನ್ನು ತಾನೇ ಅಂಗಾತ ಇಟ್ಟು, "ಏನಮ್ಮಾ, ಬಿಳೀ ಹಾಳೆ ಬಂತಲ್ಲ, ಮಷಿನ್ ಕೆಟ್ಟಿದ್ಯಾ ನೀನು ಕೆಟ್ಟಿದ್ಯಾ?" ಅಂತ ನನ್ನ ಮೇಲೆ ರೇಗಿದ.

"ಮಗುಚಿ ಇಡಿ ತಾತ. ನಾನೂ ಸರಿ ಇದೀನಿ, ಅದೂ ಸರಿ ಇದೆ."

ಹನ್ನೆರಡು ವರ್ಷದಿಂದ ಊರವರ ಕಾಗದ ನಕಲು ಮಾಡಿಕೊಡುತ್ತಿದ್ದೇನೆ. ಹುಟ್ಟಿದ್ದು, ಸತ್ತದ್ದು, ಮದುವೆ, ವಿಚ್ಛೇದನ, ಜಮೀನು, ಜೈಲು. ಝೆರಾಕ್ಸ್ ಅಕ್ಕ ಎಂದರೆ ಎದುರು ಆಫೀಸಿನ ಮೂರು ಮಹಡಿಗೂ ಗೊತ್ತು. ಇವತ್ತು ಮಧ್ಯಾಹ್ನ ಶಟರ್ ಅರ್ಧ ಇಳಿಸಿ ನನ್ನದೇ ಒಂದು ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿದೆ. ಮೂರು ಪ್ರತಿ. ರಸ್ತೆ ದಾಟಿ ಎರಡನೇ ಮಹಡಿ, ಆರೋಗ್ಯ ಇಲಾಖೆಯ ದಾಖಲೆ ವಿಭಾಗ.

ಕನ್ನಡಕದ ಗುಮಾಸ್ತರು ಅರ್ಜಿ ನೋಡಿದರು. "ಮಾನಸಿಕ ಆಸ್ಪತ್ರೆ ಫೈಲು... ಇಪ್ಪತ್ತೊಂಬತ್ತು ವರ್ಷದ್ದು. ಪೇಶೆಂಟ್ ಯಾರು, ನಿಮ್ಮ ಸಂಬಂಧಿಕರಾ?"

"ನಾನೇ."

ದಿನಾ ನನ್ನ ಹತ್ತಿರ ನಿಂತು ಹರಟೆ ಹೊಡೆಯುವ ಮನುಷ್ಯ. ಕುರ್ಚಿ ಒಂದು ಗೇಣು ಹಿಂದೆ ಸರಿಸಿಕೊಂಡರು. ಸರಿಸಿದ್ದು ಅವರಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

"ಯಾಕೆ ಬೇಕು ಅಂತ ಕಾರಣ ಬರೀಬೇಕಲ್ಲ ಅಕ್ಕ?"

"ಕಾರಣ ಕೇಳೋ ಹಾಗಿಲ್ಲ ಅಂತ ನಿಮ್ಮ ನೋಟೀಸ್ ಬೋರ್ಡಲ್ಲಿದೆ. ಆ ನೋಟೀಸು ನನ್ನ ಅಂಗಡೀಲೇ ಝೆರಾಕ್ಸ್ ಆಗಿದ್ದು."

ಠಸ್ಸೆ ಹಾಕಿ ಕೊಟ್ಟರು. ಮೂವತ್ತು ದಿನ.

ಮಾರ್ಚ್ 6, ಬುಧವಾರ

ಕಾರಣ ಅವರಿಗೆ ಬರೆದುಕೊಡಲಿಲ್ಲ. ಇಲ್ಲಿ ಬರೆಯುತ್ತೇನೆ.

ಮಗಳಿಗೆ ಏಳು ತಿಂಗಳು ತುಂಬಿತು. ಹೆರಿಗೆಗೆ ಅಪ್ಪನ ಮನೆಗೆ ಬಂದಿದ್ದಾಳೆ. ಭಾನುವಾರ ಪಾರ್ಕಿನ ಬೆಂಚಲ್ಲಿ ಕೂತು, ಕಾಲು ಊದಿದ್ದನ್ನು ತೋರಿಸಿದಳು, ನಗುತ್ತಿದ್ದಳು. "ಮಗು ಆದ್ಮೇಲೆ ಬರ್ತೀನಮ್ಮ, ಒಂದೆರಡು ದಿನ ಇದ್ದು ನೋಡ್ಕೋತೀನಿ" ಅಂದೆ. ನಗು ನಿಂತುಹೋಯಿತು.

"ಬನ್ನಿ ಅಮ್ಮ. ಆದ್ರೆ... ಅತ್ತೆ ಜೊತೇಲಿ ಇರ್ತಾರೆ. ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಮಗು ಹತ್ರ ಒಬ್ಬರನ್ನೇ ಬಿಡಬೇಡ ಅಂತ ಅಪ್ಪ ಹೇಳಿದಾರೆ."

ಬೇಜಾರು ಮಾಡಿಕೊಳ್ಳಬಾರದಂತೆ! ನಕ್ಕು, "ಸರಿ" ಅಂದೆ.

ಅವಳಿಗೆ ಬುದ್ಧಿ ಬಂದಾಗಿನಿಂದ ಅವಳಪ್ಪನೂ, ಅವಳು ಅತ್ತೆ ಎನ್ನುವ ಅವನ ತಂಗಿಯೂ ಹೇಳಿಕೊಂಡು ಬಂದದ್ದು ಒಂದೇ ಮಾತು. ನೀನು ಎಂಟು ತಿಂಗಳ ಕೂಸಾಗಿದ್ದಾಗ ನಿಮ್ಮಮ್ಮ ನಿನ್ನ ಮುಖದ ಮೇಲೆ ದಿಂಬು ಒತ್ತಿದಳು, ಅದಕ್ಕೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಹದಿನಾಲ್ಕು ತಿಂಗಳಾದ ಮೇಲೆ ಬಿಟ್ಟರು. ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ. ಮಗುವನ್ನು ಅವನ ತಂಗಿಯೇ ಸಾಕಿದಳು. ಹತ್ತೊಂಬತ್ತು ತುಂಬಿದಾಗ ಮಗಳು ತಾನಾಗಿ ನನ್ನನ್ನು ಹುಡುಕಿಕೊಂಡು ಬಂದಳು. ಕೂತು ನೀರು ಕುಡಿಯುವ ಮುಂಚೆಯೇ ಕೇಳಿದಳು, "ನಿಜಾನಾ?"

"ಗೊತ್ತಿಲ್ಲ" ಅಂದೆ.

ಗೊತ್ತಿಲ್ಲ, ಅಷ್ಟೇ. ಅಲ್ಲಿ ಕೊಟ್ಟ ಕರೆಂಟ್ ಶಾಕ್‌ನಲ್ಲಿ ಆ ಇಡೀ ವರ್ಷ ತಲೆಯಿಂದ ಹೋಗಿಬಿಟ್ಟಿದೆ. ಇಲ್ಲ ಎಂದು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಮಗಳಿಗೆ ಮೊದಲನೇ ದಿನವೇ ಸುಳ್ಳು ಹೇಳುವುದೇ?

ಆದರೆ ಸೇರಿಸಿಕೊಳ್ಳುವ ದಿನ ಏನು ಹೇಳಿ ಸೇರಿಸಿದರು ಎಂಬುದು ಆ ಫೈಲಿನಲ್ಲಿ ಇರಲೇಬೇಕು. ಒತ್ತಿದ್ದರೆ ಒತ್ತಿದ್ದೇನೆ ಎನ್ನಲಿ. ಇಲ್ಲದಿದ್ದರೆ ಇಲ್ಲ ಎನ್ನಲಿ. ನನ್ನ ವಿಷಯ ನನಗಿಂತ ಚೆನ್ನಾಗಿ ಒಂದು ಕಬ್ಬಿಣದ ಬೀರುವಿಗೆ ಗೊತ್ತಿದೆ ಎಂದರೆ ನಾನು ಒಪ್ಪುವವಳಲ್ಲ.

ಏಪ್ರಿಲ್ 3, ಬುಧವಾರ

ಬಂತು! ಸರಿಯಾಗಿ ಮೂವತ್ತನೇ ದಿನ, ಸಂಜೆ ಐದಕ್ಕೆ. ಒಂದು ದಿನ ಮೊದಲು ಕೊಟ್ಟರೆ ಅವರ ಗಂಟು ಹೋಗುತ್ತದೆ.

ಒಟ್ಟು ಪುಟ 46. ಕೊಟ್ಟದ್ದು 45. ಮೇಲೊಂದು ಪತ್ರ — "ಪುಟ 3ರಲ್ಲಿ ಮೂರನೆಯ ವ್ಯಕ್ತಿಯ ಮಾಹಿತಿ ಇರುವುದರಿಂದ ಸದರಿ ಪುಟವನ್ನು ಕೊಡಲು ಬರುವುದಿಲ್ಲ."

ಶಟರ್ ಎಳೆದುಕೊಂಡು ಅಂಗಡಿಯೊಳಗೇ ಕೂತು ಓದಿದೆ. ತೂಕ, ಜ್ವರ, ಮಾತ್ರೆ. ಶಾಕ್ ಹನ್ನೊಂದು ಸಲ, ತಾರೀಕು ಸಮೇತ. ಒಬ್ಬ ನರ್ಸ್ ದುಂಡನೆಯ ಅಕ್ಷರದಲ್ಲಿ ಬರೆದಿದ್ದಾಳೆ, "ಮಗುವನ್ನು ಕೇಳಿ ಅಳುತ್ತಾರೆ." ಅದರ ಕೆಳಗೆ ಮರುದಿನ, "ಮಗುವನ್ನು ಕೇಳಿ ಅಳುತ್ತಾರೆ." ಅದರ ಕೆಳಗೆ, "ಮೇಲಿನಂತೆ." ನಾಲ್ಕು ಪುಟ ಬರೀ "ಮೇಲಿನಂತೆ."

ಆ ನಾಲ್ಕು ಪುಟ ಮಗುಚಿ ಪಕ್ಕಕ್ಕಿಟ್ಟು ಮುಂದಕ್ಕೆ ಓದಿದೆ.

ಇನ್ನೊಂದು ಮಾತು ಹತ್ತೊಂಬತ್ತು ಕಡೆ ಇದೆ, ಎಣಿಸಿದೆ — "ಸಹಕರಿಸುತ್ತಿಲ್ಲ." ಅಬ್ಬಾ, ಎಷ್ಟು ಖುಷಿಯಾಯಿತು! ಇಪ್ಪತ್ತಮೂರು ವರ್ಷದ ಆ ಹುಡುಗಿಯ ನೆನಪು ನನಗಿಲ್ಲ, ಆದರೆ ಅವಳು ತಲೆ ಬಗ್ಗಿಸಿಲ್ಲ. ಭೇಷ್ ಕಣೇ.

ಆದರೆ ನನಗೆ ಬೇಕಾದದ್ದು ಎಲ್ಲೂ ಇಲ್ಲ. ಡಾಕ್ಟರು ಎಲ್ಲೆಲ್ಲಿ ಕಾರಣ ಬರೆಯಬೇಕೋ ಅಲ್ಲೆಲ್ಲ ಒಂದೇ ಸಾಲು ಎಳೆದಿದ್ದಾರೆ. "ಹಿನ್ನೆಲೆ: ಪುಟ 3 ನೋಡಿ."

ಏಪ್ರಿಲ್ 5, ಶುಕ್ರವಾರ

ಹೋಗಿ ನಿಂತೆ.

"ಅದು ಸೇರ್ಪಡೆ ಫಾರ್ಮ್ ಅಕ್ಕ," ಅಂದರು ಕನ್ನಡಕದವರು. "ನಿಮ್ಮನ್ನ ಸೇರಿಸಿದವರು ತುಂಬಿದ್ದು. ಅವರ ಕೈಬರಹ, ಅವರ ಸಹಿ. ಹಾಗಾಗಿ ಅದು ಅವರ ಮಾಹಿತಿ."

"ಯಾರ ಬಗ್ಗೆ ಬರೆದಿದಾರೆ?"

"ನಿಮ್ಮ ಬಗ್ಗೆ."

"ಆಮೇಲೆ ಹನ್ನೊಂದು ಸಲ ಕರೆಂಟ್ ಕೊಟ್ಟಿದ್ದು ಯಾರ ತಲೆಗೆ, ಅವರ ತಲೆಗಾ?"

ಅವರು ಪೆನ್ನಿನ ಕ್ಯಾಪ್ ಹುಡುಕತೊಡಗಿದರು. ನಾನು ನೇರ ಅಧಿಕಾರಿ ಮೇಡಂ ಕೋಣೆಗೆ ನುಗ್ಗಿದೆ. ಮೇಡಂ ಜೋರು ಮಾತಾಡುವವರಲ್ಲ. ಮೆತ್ತಗೆ, ಪಾಪ ಎನ್ನುವ ಹಾಗೆ ಮಾತಾಡುತ್ತಾರೆ. ನನಗೆ ಅದೇ ಮೈ ಉರಿಯುವುದು.

"ನೋಡೀಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಈಗ ಚೆನ್ನಾಗಿದ್ದೀರಾ, ಅಂಗಡಿ ನಡೆಸ್ತಿದ್ದೀರಾ. ಹಳೇದನ್ನೆಲ್ಲ ಕೆದಕಿ ಮತ್ತೆ ಹುಷಾರು ತಪ್ಪಿದ್ರೆ?"

"ತಪ್ಪಿದ್ರೆ ಆಸ್ಪತ್ರೆ ನಿಮ್ಮದೇ ಇದೆಯಲ್ಲ ಮೇಡಂ. ದಾರಿ ನಂಗೆ ಗೊತ್ತು."

ಪಕ್ಕದಲ್ಲಿ ನಿಂತಿದ್ದ ಸೀಲಪ್ಪ ಕೆಮ್ಮಿ ನಗು ಮುಚ್ಚಿಕೊಂಡ. ಆಫೀಸಿನ ಅಟೆಂಡರ್, ಐವತ್ತು ದಾಟಿದವನು, ದಿನವಿಡೀ ಠಸ್ಸೆ ಹೊಡೆಯುವುದರಿಂದ ಆ ಹೆಸರು ನಾನೇ ಇಟ್ಟದ್ದು.

ಕೊನೆಗೆ ಮೇಡಂ ಹೇಳಿದ್ದು ಇಷ್ಟು. ಫಾರ್ಮ್ ತುಂಬಿದವರಿಗೆ, ಎಂದರೆ ಮಗಳ ಅಪ್ಪನಿಗೆ, ಆಫೀಸಿನಿಂದ ನೋಟೀಸ್ ಹೋಗುತ್ತದೆ. ಈ ಪುಟ ಕೊಡುವುದಕ್ಕೆ ತಮ್ಮ ಆಕ್ಷೇಪಣೆ ಇದೆಯೇ? ಇದೆ ಎಂದರೆ ಮುಗಿಯಿತು.

"ಕಳಿಸಿ," ಅಂದೆ. "ನಾನು ಮೇಲ್ಮನವಿನೂ ಹಾಕ್ತೀನಿ."

ಹಾಕಿದೆ. ಅದೂ ಮೂರು ಪ್ರತಿ.

ಮೇ 9, ಗುರುವಾರ, ಮಧ್ಯಾಹ್ನ

ಫೋನಲ್ಲಿ ಮೆಸೇಜು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರಾಮ.

ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಪರಿಚಯವಿಲ್ಲದವರಿಗೂ.

ಮೇ 10, ಶುಕ್ರವಾರ

ನೋಡಿ ಬಂದೆ. ಅವಳ ಅತ್ತೆ ಕುರ್ಚಿಯಲ್ಲಿ ಗೂಟ ಹೊಡೆದ ಹಾಗೆ ಕೂತಿದ್ದಳು. ಎದ್ದು ಆಚೆ ಹೋಗುವ ಮಾತೇ ಇಲ್ಲ. ಮಗು ಎತ್ತಿಕೊಂಡೆ. ನನ್ನ ಕೈ ಕೆಳಗೆ ಅವಳ ಕೈ. ಬಿದ್ದರೆ ಹಿಡಿಯುವುದಕ್ಕೆ ಅಲ್ಲ, ಅದು ಅವಳಿಗೂ ಗೊತ್ತು, ನನಗೂ ಗೊತ್ತು, ಹಾಸಿಗೆಯಲ್ಲಿ ಮಲಗಿ ಸೀಲಿಂಗ್ ನೋಡುತ್ತಿದ್ದ ಮಗಳಿಗೂ ಗೊತ್ತು.

ನಾಲ್ಕು ನಿಮಿಷ. ಆಮೇಲೆ ಅತ್ತೆ, "ಸಾಕು, ನಿದ್ದೆ ಕೆಡತ್ತೆ" ಅಂದಳು.

ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಸಿಟ್ಟಿಗೆ ಅತ್ತದ್ದು. ಬೇರೆ ಏನೂ ಇಲ್ಲ. ಸುಳ್ಳೇಕೆ — ಬೇರೆಯೂ ಇತ್ತು.

ಮೇ 21, ಮಂಗಳವಾರ

ಇವತ್ತು ನಡೆದದ್ದು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಹನ್ನೊಂದೂವರೆ. ಅಂಗಡಿಯಲ್ಲಿ ಯಾರೂ ಇಲ್ಲ. ಸೀಲಪ್ಪ ಒಂದು ಹಳೇ ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದ. ಮುಖ ಒಂಥರಾ ಮಾಡಿಕೊಂಡಿದ್ದ.

"ಅಕ್ಕ, ನಮ್ಮ ಮಷಿನ್ ಕೈ ಕೊಟ್ಟಿದೆ. ಒಂದು ಕಾಪಿ ಬೇಕಿತ್ತು."

"ಯಾವುದು?"

"ನಿಮ್ಮ ಫೈಲೇ. ಪುಟ ಮೂರು."

ನೋಟೀಸ್ ಇಷ್ಟು ದಿನವಾದರೂ ಹೋಗಿಯೇ ಇಲ್ಲವಂತೆ! ಯಾವ ಪುಟದ ಬಗ್ಗೆ ಕೇಳುತ್ತಿದ್ದೇವೆ ಎಂದು ತೋರಿಸಲು ಅದರ ನಕಲು ಲಗತ್ತಿಸಬೇಕು, ಅದು ನಿಯಮ. ನಕಲು ತೆಗೆಯಲು ಮಷಿನ್ ಇಲ್ಲ. ಅದಕ್ಕೇ ಏಳು ವಾರ. ಈಗ ನನಗೆ ತೋರಿಸಬಾರದ ಪುಟವನ್ನು ಮಗಳ ಅಪ್ಪನಿಗೆ ಕಳಿಸುವುದಕ್ಕೆ ನನ್ನ ಮಷಿನ್ನೇ ಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀಲಪ್ಪ ನಗಲಿಲ್ಲ. ಫೈಲು ಕೌಂಟರ್ ಮೇಲಿಟ್ಟ. ದಾರ ಬಿಚ್ಚಿಯೇ ಇತ್ತು.

"ನಾನು ಹೋಗಿ ಟೀ ಕುಡಿದು ಬರ್ತೀನಿ ಅಕ್ಕ. ಹತ್ತು ನಿಮಿಷ ಆಗತ್ತೆ. ಯಾರೂ ನೋಡಿಲ್ಲ."

ಒಳ್ಳೆಯ ಮನುಷ್ಯ. ಕೆಲಸವನ್ನೇ ಪಣಕ್ಕಿಟ್ಟಿದ್ದ.

ನನ್ನ ಕೈ ಫೈಲಿನ ಮೇಲಿತ್ತು. ಬೆರಳು ಮೂರನೇ ಪುಟದ ಅಂಚಿಗೆ ಹೋಗಿತ್ತು. ಎಷ್ಟು ಸುಲಭ! ಆದರೆ ಓದಿ ಮಾಡುವುದೇನು? ನಾಳೆ ಮಗಳ ಮುಂದೆ ಹಿಡಿದರೆ ಅವಳಪ್ಪ ಕೇಳುವುದು ಒಂದೇ ಪ್ರಶ್ನೆ. ಎಲ್ಲಿಂದ ಬಂತು ಈ ಕಾಗದ? ಝೆರಾಕ್ಸ್ ಅಂಗಡಿಯವಳ ಕೈಯಿಂದ. ನನ್ನ ಮಷಿನ್‌ನಿಂದ ಬಂದ ಕಾಗದವನ್ನು ನಂಬುವವರು ಯಾರು? ಅಂಟಿಸಿ, ಅಳಿಸಿ, ಏನು ಬೇಕಾದರೂ ಮಾಡಬಲ್ಲೆ ನಾನು. ಮಾಡಿಲ್ಲ ಎಂದು ಯಾರಿಗೆ ತೋರಿಸಲಿ?

ಇನ್ನೊಂದು ಕಾರಣವೂ ಇದೆ. ಹೆದರಿಕೆ. ಹೌದು ಎಂದೇ ಬರೆದಿದ್ದರೆ? ಖಾಲಿ ಅಂಗಡಿಯಲ್ಲಿ, ಒಬ್ಬಳೇ, ಕದ್ದು ಅದನ್ನು ಓದುವ ಧೈರ್ಯ ನನಗಿರಲಿಲ್ಲ. ಓದುವುದಾದರೆ ಹಕ್ಕಿನಿಂದ ಓದಬೇಕು, ನಿಂತುಕೊಂಡು.

"ಟೀ ಇಲ್ಲಿಗೇ ತರಿಸ್ತೀನಿ, ಕೂತ್ಕೋ," ಅಂದೆ. "ಪುಟ ನೀನೇ ತೆಗಿ. ನೀನೇ ಮಗುಚಿ ಇಡು."

ಇಟ್ಟ. ನಾನು ಗೋಡೆ ಕಡೆ ನೋಡುತ್ತಾ ಬಟನ್ ಒತ್ತಿದೆ. ಬೆಳಕು ಆಚೆಯಿಂದ ಈಚೆಗೆ ಸರಿಯಿತು. ನಕಲು ಟ್ರೇಗೆ ಬೋರಲಾಗಿ ಬಂತು. ಸೀಲಪ್ಪ ಅದನ್ನೂ ಮೂಲವನ್ನೂ ಫೈಲಿಗೆ ಸೇರಿಸಿ ದಾರ ಬಿಗಿದ.

"ನೀವು ಗಟ್ಟಿಗಿತ್ತಿ ಅಕ್ಕ."

ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಅವನು ಹೋದ ಮೇಲೆ ಬಂದ ಮೊದಲ ಗಿರಾಕಿಯ ಕಾಗದವನ್ನು ನಾನೇ ಅಂಗಾತ ಇಟ್ಟು ಬಿಳೀ ಹಾಳೆ ತೆಗೆದೆ.

ಜೂನ್ 14, ಶುಕ್ರವಾರ, ಮಧ್ಯಾಹ್ನ 3

ಮಗಳು ಬಂದು ಹೋದಳು. ಈಗಲೇ ಬರೆಯಬೇಕು.

ಆಟೋದಿಂದ ಇಳಿದದ್ದು ಕಂಡೆ. ತೋಳಲ್ಲಿ ಮಗು, ಬಗಲಲ್ಲಿ ಕಂದು ಲಕೋಟೆ. ಒಬ್ಬಳೇ. ಜಗಳಕ್ಕೇ ಬಂದಳು ಅಂದುಕೊಂಡೆ. ಅಪ್ಪನಿಗೆ ನೋಟೀಸ್ ಬಂದಿರುತ್ತದೆ, ಯಾಕೆ ಕೆದಕುತ್ತೀರಿ ಎಂದು ಕೇಳುತ್ತಾಳೆ. ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನನ್ನ ಕಾಗದ, ನಾನು ಕೇಳುತ್ತೇನೆ, ನೀನು ಯಾರೇ ಬೇಡ ಅನ್ನುವುದಕ್ಕೆ?

ಅವಳು ಕೂತಳು. ಎದುರಿನ ಗಿರಾಕಿಗೆ ನಾಳೆ ಬನ್ನಿ ಎಂದು ಕಳಿಸಿ ಶಟರ್ ಇಳಿಸಿದೆ.

"ಅಪ್ಪಂಗೆ ಕಣ್ಣಿನ ಆಪರೇಶನ್ ಆಗಿದೆ. ಎರಡೂ ಕಣ್ಣಿಗೆ ಪಟ್ಟಿ," ಅಂದಳು. "ಬಂದ ಪೋಸ್ಟೆಲ್ಲ ನಾನೇ ಓದಿ ಹೇಳ್ತಿರೋದು. ಇದನ್ನೂ ಓದ್ತಾ ಹೋದೆ. ಮೊದಲು ನೋಟೀಸು. ಆಮೇಲೆ ಲಗತ್ತು ಅಂತ ಈ ಪುಟ. ಒಂಬತ್ತನೇ ಪ್ರಶ್ನೆಗೆ ಬಂದು ನಿಲ್ಲಿಸಿದೆ. ಅಪ್ಪ, 'ಯಾಕೆ ನಿಲ್ಲಿಸ್ದೆ, ಓದು' ಅಂದ್ರು."

ಪುಟವನ್ನು ಕೌಂಟರ್ ಮೇಲೆ ಇಟ್ಟಳು. ಅಂಗಾತ. ಕೆಳಗೆ ಆಫೀಸಿನ ನಿಜಪ್ರತಿ ಠಸ್ಸೆ, ಮೇಡಂ ಸಹಿ. ಮೇಲೆ ಅವನ ಕೈಬರಹ. ಅಕ್ಷರ ಮುತ್ತಿನಂಥವು, ಅದೊಂದು ಯಾವಾಗಲೂ ಚೆನ್ನಾಗಿತ್ತು.

5. ತೊಂದರೆಯ ವಿವರ: ಕಾರಣವಿಲ್ಲದೆ ಅಳುತ್ತಾಳೆ. ಕೆಲಸಕ್ಕೆ ಸೇರುತ್ತೇನೆಂದು ಹಠ. ಎದುರು ಮಾತಾಡುತ್ತಾಳೆ.

9. ರೋಗಿಯು ತನಗಾಗಲಿ, ಮಕ್ಕಳಿಗಾಗಲಿ, ಇತರರಿಗಾಗಲಿ ಹಾನಿ ಮಾಡಿದ್ದಾರೆಯೇ ಅಥವಾ ಮಾಡಲು ಪ್ರಯತ್ನಿಸಿದ್ದಾರೆಯೇ: ಇಲ್ಲ.

11. ಮಗುವಿಗೆ ಹಾಲುಣಿಸುತ್ತಿದ್ದಾರೆಯೇ: ಹೌದು. ಇಂದು ಬೆಳಿಗ್ಗೆಯವರೆಗೆ.

ಹನ್ನೊಂದನೆಯದನ್ನು ಓದಿದ ಮೇಲೆ ನನ್ನಿಂದ ಬಂದ ಸದ್ದು ನನ್ನದು ಅನ್ನಿಸಲಿಲ್ಲ. ಮಗು ಬೆಚ್ಚಿತು.

ಮಗಳು ಅಳುತ್ತಲೇ ಹೇಳಿದಳು. "ಕೇಳಿದೆ ಅಮ್ಮ. ಹಾಗಾದ್ರೆ ದಿಂಬಿನ ಕಥೆ ಎಲ್ಲಿಂದ ಬಂತು ಅಂತ ಕೇಳಿದೆ. 'ಜನ ಕೇಳ್ತಿದ್ರು, ನಿನ್ನ ಹೆಂಡ್ತಿನ ಯಾಕೆ ವಾಪಸ್ ಕರ್ಕೊಂಡಿಲ್ಲ ಅಂತ. ಏನಾದ್ರೂ ಹೇಳಬೇಕಿತ್ತಲ್ಲ' ಅಂದ್ರು. ಅಷ್ಟೇ ಅಂದಿದ್ದು. ಆಮೇಲೆ ಕಾಫಿ ಕೇಳಿದ್ರು."

ಏನಾದರೂ ಹೇಳಬೇಕಿತ್ತಂತೆ! ಹೇಳಿದ. ಅದನ್ನೇ ನಾನೂ ಇಪ್ಪತ್ತೊಂಬತ್ತು ವರ್ಷ ಹೊತ್ತುಕೊಂಡು ತಿರುಗಿದೆ. ಬೀದಿಯಲ್ಲಿ ಕೂಸು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಂಡೆ. ನನ್ನ ಕೈಯನ್ನೇ ನಾನು ನಂಬಲಿಲ್ಲ. ಅವನನ್ನು ಕ್ಷಮಿಸುವುದಿಲ್ಲ. ಯಾರೇ ಬಂದು ವಯಸ್ಸಾಯ್ತು, ಕಣ್ಣಿಗೆ ಪಟ್ಟಿ, ಪಾಪ ಅಂದರೂ ಇಲ್ಲ.

"ಆಕ್ಷೇಪಣೆ ಇದೆ ಅಂತ ಬರಿ, ಸಹಿ ಹಾಕ್ತೀನಿ ಅಂದ್ರು," ಅಂದಳು ಮಗಳು. "ನಾನು ಬರೆಯಲ್ಲ ಅಂದೆ. ಅತ್ತೆಗೂ ಕೊಟ್ಟಿಲ್ಲ, ಎತ್ಕೊಂಡು ಬಂದೆ. ಕಾಗದ ಸಿಕ್ತಲ್ಲ ಅಮ್ಮ, ಇನ್ನು ಆ ಮೇಲ್ಮನವಿ, ಹಿಯರಿಂಗ್ ಎಲ್ಲ ಬೇಡ ಅಲ್ವಾ?"

ಪುಟವನ್ನು ಲಕೋಟೆಗೆ ಹಾಕಿ ಅವಳಿಗೇ ವಾಪಸ್ ಕೊಟ್ಟೆ.

"ಇದು ಅವರು ಅವನಿಗೆ ಕಳಿಸಿದ್ದು. ನನಗೆ ಕೊಡಲಿ."

ಜೂನ್ 19, ಬುಧವಾರ

ಹಿಯರಿಂಗ್ ಹತ್ತು ನಿಮಿಷ. ಮೇಡಂಗಿಂತ ಮೇಲಿನ ಅಧಿಕಾರಿ, ಬೋಳುತಲೆಯವರು, ತಲೆ ಎತ್ತದೆ ಓದಿದರು. ಗಡುವಿನೊಳಗೆ ಮೂರನೆಯ ವ್ಯಕ್ತಿಯಿಂದ ಆಕ್ಷೇಪಣೆ ಬಂದಿರುವುದಿಲ್ಲ. ಪುಟ 3ನ್ನು ಅರ್ಜಿದಾರರಿಗೆ ಕೊಡತಕ್ಕದ್ದು.

ಸೀಲಪ್ಪ ತಂದುಕೊಟ್ಟ. ನಿಂತುಕೊಂಡೇ ಓದಿದೆ. ಜೋರಾಗಿ. ಐದು, ಒಂಬತ್ತು, ಹನ್ನೊಂದು. ಕನ್ನಡಕದ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ಸಮಾಧಾನ ಆಯ್ತಾ?" ಅದೇ ಮೆತ್ತಗಿನ ಧ್ವನಿ, ಮೇಡಂ.

"ಇಲ್ಲ ಮೇಡಂ. ಈ ಫೈಲಲ್ಲಿ ನಲವತ್ತಾರು ಪುಟ ಇದೆ. ಗಂಡ ಮಾತಾಡಿದಾನೆ, ಡಾಕ್ಟರು, ನರ್ಸು, ಅಡುಗೆಯವರು, ತೂಕ ಮಾಡಿದವರು ಎಲ್ಲ ಮಾತಾಡಿದಾರೆ. ನನ್ನದು ಅಂತ ಒಂದು ಸಾಲಿಲ್ಲ. ನಲವತ್ತೇಳನೇ ಪುಟ ನಾನು ಬರೆದು ತರ್ತೀನಿ. ಸೇರಿಸ್ಕೊಳ್ಳಿ."

"ಹಾಗೆಲ್ಲ ಅವಕಾಶ ಇಲ್ಲಮ್ಮ."

"ಇಲ್ಲ ಅಂತ ಎಲ್ಲಿದೆ, ತೋರಿಸಿ. ಝೆರಾಕ್ಸ್ ಬೇಕಾದ್ರೆ ನಾನೇ ಮಾಡಿ ಕೊಡ್ತೀನಿ."

ಬೋಳುತಲೆಯವರು ಮೊದಲ ಸಲ ತಲೆ ಎತ್ತಿದರು. ನನ್ನನ್ನು ನೋಡಿದರು. "ಸೋಮವಾರ ತನ್ನಿ," ಅಂದರು. "ಒಂದೇ ಪುಟ."

ಜೂನ್ 23, ಭಾನುವಾರ, ಬೆಳಿಗ್ಗೆ 10.20

ಒಂದೇ ಪುಟದಲ್ಲಿ ಏನು ಹಿಡಿಸುವುದು! ಮೂರು ದಿನದಿಂದ ಹರಿದು ಹಾಕುತ್ತಿದ್ದೇನೆ. ಬೈಗುಳವೇ ಎರಡು ಪುಟ ಆಗುತ್ತದೆ.

ಒಂಬತ್ತೂವರೆಗೆ ಮಗಳು ಬಂದಳು. ಮಗುವನ್ನು ನನ್ನ ಮಂಚದ ಮೇಲೆ ಮಲಗಿಸಿದಳು. ಸುತ್ತ ದಿಂಬು ಜೋಡಿಸಿದಳು, ನಾಲ್ಕು ದಿಂಬು, ನನ್ನ ಕಣ್ಣ ಮುಂದೆಯೇ, ಏನೂ ಯೋಚಿಸದೆ. ಮಗುವಿನ ಬಟ್ಟೆ ಚೀಲ ತೋರಿಸಿದಳು. "ಬ್ಯಾಂಕು, ಔಷಧಿ ಅಂಗಡಿ, ಆಮೇಲೆ ತಲೆ ಕೂದಲು ಕತ್ತರಿಸ್ಕೊಂಡು ಬರ್ತೀನಿ. ಮಧ್ಯಾಹ್ನ ಆಗತ್ತೆ. ನೀನು ನೋಡ್ಕೋತೀಯಲ್ಲ?" ಅಂದಳು.

ಭಾನುವಾರ ಯಾವ ಬ್ಯಾಂಕು ತೆರೆದಿರುತ್ತದೆ? ಕೇಳಲಿಲ್ಲ.

ಹೋದಳು. ಬಾಗಿಲು ಎಳೆದುಕೊಂಡು ಹೋದಳು. ಮೆಟ್ಟಿಲಲ್ಲಿ ಒಂದು ಸಲವೂ ನಿಲ್ಲಲಿಲ್ಲ, ಕಿವಿಗೊಟ್ಟು ಕೇಳಿದೆ.

ಈಗ ಮನೆಯಲ್ಲಿ ಮಗು, ನಾನು. ಅದು ನಿದ್ದೆ. ಅದರ ಹೊಟ್ಟೆ ಉಸಿರಿಗೆ ಮೇಲೆ ಕೆಳಗೆ ಆಗುತ್ತಿದೆ. ಹತ್ತು ಸಲ ಎದ್ದು ನೋಡಿದೆ. ಭಯ ಹೋಗಿಲ್ಲ, ಬರೆದೇ ಬಿಡುತ್ತೇನೆ, ಹೋಗಿಲ್ಲ. ಹೋಗುತ್ತದೆ. ಹೋಗದೆ ಎಲ್ಲಿ ಇರುತ್ತದೆ?

ಸರಿ. ಇಲ್ಲೇ ಕರಡು ಬರೆದು ಆಮೇಲೆ ನೀಟಾಗಿ ಬರೆದಿಡುತ್ತೇನೆ.

ಪುಟ 47. ಈ ಫೈಲಿನ ರೋಗಿಯಾದ ನಾನು ಸ್ವಂತ ಕೈಯಿಂದ ಬರೆದುಕೊಡುವುದೇನೆಂದರೆ — ಪುಟ 3ರಿಂದ 46ರವರೆಗೆ ನನ್ನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಸಹಕರಿಸಲಿಲ್ಲ ಎಂಬುದು ನಿಜ, ಅದಕ್ಕೆ ನನಗೆ ಹೆಮ್ಮೆಯಿದೆ. ನನ್ನನ್ನು ಸೇರಿಸಿದ ದಿನ ಬೆಳಿಗ್ಗೆ ನಾನು ನನ್ನ ಮಗಳಿಗೆ

ಮೊಮ್ಮಗಳು ಎದ್ದಳು. ಎರಡೂ ಕೈ ಬೇಕು